ಬಿಚ್ಚಿ ಬಿಚ್ಚಿ ಕಟ್ಟಿದ ಕಾಲು

ನನಗೆ ಓದು ಬರಹ ಬಾರದು. ನಾನು ಹೇಳುತ್ತ ಹೋದದ್ದನ್ನು ತುಂಗಾಬಾಯಿ ಪುಸ್ತಕದ ಕನ್ನಡದಲ್ಲಿ ಬರೆದುಕೊಂಡಿದ್ದಾಳೆ. ಬರೆದದ್ದನ್ನು ಒಮ್ಮೆ ಅವಳ ಬಾಯಿಂದಲೇ ಓದಿಸಿದೆ. ಆಮೇಲೆ ಅವಳಿಲ್ಲದಾಗ ನಮ್ಮೂರು ಸಿರುಗುಪ್ಪದ ಸಾಲಿ ಮಾಸ್ತರರಿಂದ ಇನ್ನೊಮ್ಮೆ ಓದಿಸಿದೆ. ಈ ಕಥೆಯಲ್ಲಿ ಅವಳೂ ಬರುತ್ತಾಳೆ, ಅವಳಿಗೆ ಕಲಿಸಿದ ಡಾಕ್ಟರಮ್ಮನೂ ಬರುತ್ತಾಳೆ. ತಮಗೆ ಬೇಕಾದ ಹಾಗೆ ತಿದ್ದಿಕೊಂಡಿದ್ದರೆ ನನಗೆ ಹೇಗೆ ತಿಳಿಯಬೇಕು? ತಿದ್ದಿರಲಿಲ್ಲ. ಒಂದೆರಡು ಕಡೆ ನನ್ನ ಬೈಗುಳವನ್ನು ಮೆತ್ತಗೆ ಮಾಡಿದ್ದಳು, ಅಷ್ಟೆ. ಅದನ್ನು ಹಾಗೇ ಬಿಟ್ಟಿದ್ದೇನೆ.

ನಮ್ಮ ಸೀಮೆಯ ಎರೆಹೊಲದಲ್ಲಿ ಬರಿಗಾಲಲ್ಲಿ ದುಡಿಯುವ ಎಷ್ಟೋ ಜನಕ್ಕೆ ನನಗೆ ಬಂದ ಕಾಲು ಬರುತ್ತದೆ. ಬಂದವರು ಮುಚ್ಚಿಡುತ್ತಾರೆ. ನಾನೂ ಮುಚ್ಚಿಟ್ಟೆ. ಹತ್ತಿ ಬಿಡಿಸುವಾಗ ಬಲ ಅಂಗಾಲಿಗೆ ಜಾಲಿ ಮುಳ್ಳು ಚುಚ್ಚಿತ್ತು. ಅಂಥ ಮುಳ್ಳು ದಿನಾ ಚುಚ್ಚುತ್ತವೆ, ಕಿತ್ತು ಒಗೆದೆ, ಮರೆತೆ. ಬಹಳ ತಿಂಗಳ ಮೇಲೆ ಅಲ್ಲೊಂದು ಗಂಟು ಕಂಡಿತು. ಒತ್ತಿದರೆ ನೋವಿಲ್ಲ. ನೋವಿಲ್ಲದ್ದೇ ಮೋಸ. ನೋವಿದ್ದಿದ್ದರೆ ಯಾರಿಗಾದರೂ ತೋರಿಸುತ್ತಿದ್ದೆ. ಗಂಟು ಹರಡಿತು, ಪಾದ ಉಬ್ಬಿ ಬೆರಳುಗಳು ಮೇಲೆದ್ದವು, ಅಂಗಾಲಲ್ಲಿ ತೂತು ಬಿದ್ದವು. ಆ ತೂತಿನಿಂದ ತಿಳಿ ನೀರಿನ ಜೊತೆ ಸಾಸಿವೆಯಂಥ ಕರಿ ಕಾಳು ಬರುತ್ತಿದ್ದವು.

ಆ ಕಾಳನ್ನು ಮೊದಲು ನೋಡಿದವಳು ನನ್ನ ಅತ್ತೆ ಬಸವ್ವ. ಕಾಲು ತೊಳೆದ ನೀರಿನಲ್ಲಿ ಅವು ತಳಕ್ಕೆ ಕುಳಿತಿದ್ದವು. ಮರುದಿನದಿಂದ ಅವಳು ನಾನು ಕುಳಿತೆದ್ದ ಜಾಗಕ್ಕೆ ಸೆಗಣಿ ನೀರು ಚಿಮುಕಿಸತೊಡಗಿದಳು. ಭಾವಿಯ ಹತ್ತಿರ ಹೆಂಗಸರು ತಮ್ಮ ಕೊಡಗಳನ್ನು ಅತ್ತ ಸರಿಸಿಕೊಂಡರು. ಯಾರೋ ಮಾಡಿಸಿದ ಮಾಟವನ್ನು ನಾನು ದಾಟಿದ್ದೇನೆ ಎಂದು ಕೆಲವರ ಮಾತು. ಮಿಕ್ಕವರು ಬಾಯಿಬಿಟ್ಟು ಹೇಳದ ಒಂದು ರೋಗದ ಹೆಸರು ಅವರ ಕಣ್ಣಲ್ಲೇ ಕಾಣುತ್ತಿತ್ತು. ನನ್ನ ಗಂಡ ಮಲ್ಲಪ್ಪ ಸೆಕೆಯ ನೆವ ಹೇಳಿ ಹೊರಗಿನ ಕಟ್ಟೆಯ ಮೇಲೆ ಮಲಗತೊಡಗಿದ. ಸೆಕೆಗಾಲ ಮುಗಿದ ಮೇಲೂ ಒಳಗೆ ಬರಲಿಲ್ಲ. ಅಂದಿನಿಂದ ನಾನು ಮನೆಯ ಪ್ರತಿಯೊಂದು ಮಾತಿಗೂ ಕಿವಿ ನಿಮಿರಿಸುವವಳಾದೆ. ಒಳಗೆ ಇಬ್ಬರು ಪಿಸುಗುಟ್ಟಿದರೆ ನನ್ನ ಮಾತೇ ಇರಬೇಕು ಅನ್ನಿಸುತ್ತಿತ್ತು. ಬಹಳ ಸಲ ನನ್ನ ಮಾತೇ ಇರುತ್ತಿತ್ತು.

ಅಣ್ಣ ಬಸಪ್ಪ ಬಂದು ತವರಿಗೆ, ಕುರುಗೋಡಿಗೆ, ಕರೆದುಕೊಂಡು ಹೋದ. ಮಗಳು ಪಾರ್ವತಿಯನ್ನು ನಾದಿನಿಯ ಹತ್ತಿರ ಬಿಟ್ಟು ಹೋದೆ. ಕುರುಗೋಡಿನ ನಾಟಿ ವೈದ್ಯ ಕೈ ಮುಟ್ಟಿ ನೋಡುವವನು, ದೂರ ನಿಂತು ಹೇಳುವವನಲ್ಲ. ಸೊಪ್ಪು ಕಟ್ಟಿದ, ಕಾದ ಕಬ್ಬಿಣದಿಂದ ಬರೆ ಹಾಕಿದ. ಕೆಲವು ವಾರ ನೋಡಿ ಒಂದು ಕರಿ ಕಾಳನ್ನು ಉಗುರಿನ ಮೇಲಿಟ್ಟು ತಿಕ್ಕಿ ಹೇಳಿದ:

"ಇದು ಎಲುಬಿಗೆ ಇಳದೈತಿ ತಂಗಿ. ನಾ ಸುಟ್ರ ಚರ್ಮ ಸುಡ್ತೈತಿ, ಇದು ಸುಡೂದಿಲ್ಲ. ಸುಮ್ನ ನಿನಗ ಉರಿ ಕೊಡಾಕ ನಾ ಒಲ್ಲೆ. ಬಳ್ಳಾರಿ ಆಸ್ಪತ್ರಿಗೆ ಹೋಗ್ರಿ."

ಆಮೇಲೆ ಅಣ್ಣನನ್ನು ಬೇವಿನ ಗಿಡದ ಕೆಳಗೆ ಕರೆದು ಏನೋ ಹೇಳಿದ. ಮಾತು ನನಗೆ ಕೇಳಲಿಲ್ಲ. ಆದರೆ ವೈದ್ಯ ತನ್ನ ಅಂಗೈಯ ಅಂಚನ್ನು ಮೊಣಕಾಲ ಕೆಳಗೆ ಇಟ್ಟು ತೋರಿಸಿದ್ದು ಕಂಡಿತು. ಅಣ್ಣ ತಿರುಗಿ ಬಂದಾಗ "ಏನಂದ ಅಂವ?" ಎಂದು ಕೇಳಿದೆ. "ಪಥ್ಯ ಹೇಳಿದ" ಅಂದ.

ಬಳ್ಳಾರಿಗೆ ಹೊರಡುವ ದಿನ ಗಂಡ ಸಿರುಗುಪ್ಪದಿಂದ ಬಂಡಿ ತಂದ. ಬಂಡಿಯಲ್ಲಿ ಅತ್ತೆ ಕುಳಿತಿದ್ದಳು. ಅವಳ ಹಿಂದೆ ಜೋಳದ ಹಿಟ್ಟಿನ ಚೀಲ, ಹಂಚು, ಎರಡು ಗಡಿಗೆ, ಕುಳ್ಳು. ಔಷಧ ಹಚ್ಚಿಸಿಕೊಂಡು ಬರುವುದಕ್ಕೆ ಇಷ್ಟು ಸಾಮಾನು ಯಾಕೆ ಎಂದು ಕೇಳಿದೆ. "ಅಲ್ಲಿ ಮಂದಿ ಭಾಳ ಇರ್ತಾರ, ಪಾಳಿ ಬರೂದು ತಡಾ ಆಕ್ಕೈತಿ" ಅಂದ ಗಂಡ. ನನ್ನ ಮುಖ ನೋಡಲಿಲ್ಲ. ಅಣ್ಣ ಎತ್ತಿನ ಕೊರಳ ಹಗ್ಗ ಬಿಗಿದಿದ್ದನ್ನೇ ಮತ್ತೆ ಬಿಗಿಯುತ್ತಿದ್ದ. ಮೂವರಿಗೂ ಗೊತ್ತಿದ್ದದ್ದು ನನಗೊಬ್ಬಳಿಗೆ ಗೊತ್ತಿಲ್ಲ ಎಂಬುದು ಆಗಲೇ ತಿಳಿಯಿತು. ಆದರೂ ಹತ್ತಿದೆ. ಹತ್ತದೆ ಎಲ್ಲಿಗೆ ಹೋಗಲಿ?

ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತಾಗ ಎದುರಿಗೆ ಕೋಟೆಯ ಗುಡ್ಡ ಕಾಣುತ್ತಿತ್ತು. ದಂಡಿನ ಕಡೆಯಿಂದ ಬ್ಯಾಂಡಿನ ಸದ್ದು ಬರುತ್ತಿತ್ತು. ಎಲ್ಲದಕ್ಕೂ ಮೂಗು ಕಟ್ಟುವ ಒಂದು ಔಷಧದ ವಾಸನೆ ಹತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು, ಮಗು ಎತ್ತಿಕೊಂಡವರು, ಯಾರೂ ಒಬ್ಬರನ್ನೊಬ್ಬರು ಏನಾಗಿದೆ ಎಂದು ಕೇಳುತ್ತಿರಲಿಲ್ಲ. ನಾನು ಸೆರಗಿನಿಂದ ಕಾಲು ಮುಚ್ಚಿಕೊಂಡಿದ್ದೆ. ಪಕ್ಕದಲ್ಲಿದ್ದ ತೆಕ್ಕಲಕೋಟೆಯ ಹೆಂಗಸೊಬ್ಬಳು ಮಾತ್ರ ನನ್ನ ಸೆರಗನ್ನು ನೋಡಿ, "ಕಾಳು ಬರ್ತಾವೇನ್?" ಎಂದು ಮೆಲ್ಲಗೆ ಕೇಳಿದಳು. ಅವಳ ತಮ್ಮನಿಗೂ ಬಂದಿತ್ತಂತೆ. ಅವನು ಏನಾದ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆದರೆ ಆ ಕಾಳಿನ ಹೆಸರನ್ನು ಹೊಲಸು ಅಂದುಕೊಳ್ಳದೆ ಬಾಯಲ್ಲಿ ಆಡಿದವಳು ಹೆಂಗಸರಲ್ಲಿ ಅವಳೇ ಮೊದಲು. ನನಗೆ ಸ್ವಲ್ಪ ಉಸಿರು ಬಂದಂತಾಯಿತು.

ಹೆಂಗಸರನ್ನು ನೋಡುವವಳು ಒಬ್ಬ ಬಿಳಿ ಡಾಕ್ಟರಮ್ಮ. ಜನ ದೊರಸಾನಿ ಎನ್ನುತ್ತಿದ್ದರು. ಕನ್ನಡವನ್ನು ಮುನ್ಷಿಯ ಹತ್ತಿರ ಕಲಿತವಳು, ಒಂದೊಂದೇ ಮಾತನ್ನು ಇಟ್ಟು ಇಟ್ಟು ಆಡುತ್ತಿದ್ದಳು. ಕಾಲನ್ನು ತಿರುಗಿಸಿ ನೋಡಿ, ನನ್ನ ಗಂಡನನ್ನು ಬಿಟ್ಟು ನನ್ನನ್ನೇ ಕೇಳಿದಳು:

"ಈ ಕಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕು. ಇವರು ನಿಮಗೆ ಹೇಳಿದ್ದಾರೆಯೇ?"

"ಇಲ್ಲ" ಅಂದೆ.

ಅವಳು ಗಂಡಸರಿಬ್ಬರನ್ನೂ ಹೊರಗೆ ಕಳಿಸಿದಳು. ಬಿಟ್ಟರೆ ಇದು ಮೇಲಕ್ಕೆ ಏರುತ್ತದೆ, ಮುಂದೆ ತೊಡೆಯ ತನಕ ತೆಗೆಯಬೇಕಾಗುತ್ತದೆ, ಅದರಾಚೆ ತೆಗೆಯುವುದಕ್ಕೆ ಏನೂ ಉಳಿಯುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. "ನೀವು ಒಪ್ಪದೆ ನಾನು ಕತ್ತಿ ಮುಟ್ಟುವುದಿಲ್ಲ. ಯೋಚಿಸಿ ಹೇಳಿ."

ನಾನು ಅತ್ತೆಯ ಕಡೆ ತಿರುಗಿದೆ. "ನಿಮಗ ಗೊತ್ತಿತ್ತೇನ್?"

"ಗೊತ್ತಿತ್ತು. ಹೇಳಿದ್ರ ನೀ ಬಂಡಿ ಹತ್ತತಿದ್ದಿಲ್ಲ."

ಅದು ನಿಜ. ನನ್ನವರು ಮೂವರೂ ಮುಚ್ಚಿಟ್ಟದ್ದನ್ನು ಯಾವ ಊರಿನವಳೋ ಒಬ್ಬಳು ಎದುರಿಗೆ ಕೂತು ಹೇಳಿದಳು. ಅವಳನ್ನು ನಂಬಿದೆ. ಮುಂದೆ ನಡೆದದ್ದು ತಿಳಿಯಬೇಕಾದರೆ ಈ ಮಾತು ನೆನಪಿರಬೇಕು. ಅವಳೊಬ್ಬಳನ್ನೇ ನಂಬಿ ನಾನು ಹೂಂ ಅಂದೆ.

ಮೂಗಿನ ಮೇಲೆ ಬಟ್ಟೆ ಇಟ್ಟರು. ಕೊಳೆತ ಹಣ್ಣಿನಂಥ ಸಿಹಿ ವಾಸನೆ ಬಂತು, ಹಗ್ಗ ಬಿಟ್ಟ ಕೊಡದ ಹಾಗೆ ಕೆಳಗೆ ಹೋದೆ. ಎಚ್ಚರವಾದಾಗ ಇಲ್ಲದ ಪಾದದ ಬೆರಳು ತುರಿಸುತ್ತಿತ್ತು. ಕಾಲು ಎಲ್ಲಿ ಎಂದು ಕೇಳಿದೆ. ಅತ್ತೆ ಆಗಲೇ ಅದನ್ನು ಕೇಳಿ ಜಗಳ ಮಾಡಿ ಬಟ್ಟೆಯಲ್ಲಿ ಕಟ್ಟಿಸಿಕೊಂಡು ಬಂದಿದ್ದಳು. ಆಸ್ಪತ್ರೆಯವರು ಕಡಿದ ಕಾಲುಗಳನ್ನು ಸೀಸೆಯಲ್ಲಿಟ್ಟು ಮದ್ರಾಸಿಗೆ ಕಳಿಸುತ್ತಾರೆ, ಕೇಳಿದವರಿಗೆ ಬೇರೆ ಯಾರದೋ ಕಾಲು ಕೊಟ್ಟು ಕಳಿಸುತ್ತಾರೆ ಎಂದು ಪಡಸಾಲೆಯಲ್ಲಿ ಯಾರೋ ಹೇಳಿದ್ದರಂತೆ. ಅವಳು ನನ್ನ ಮಂಚದ ಪಕ್ಕ ಕುಳಿತು ಗಂಟು ಬಿಚ್ಚಿ ನೋಡಿದಳು. ಎರಡನೆಯ ಬೆರಳಿನಲ್ಲಿ ಕಾಲುಂಗುರ ಇದ್ದ ಜಾಗ ಬೆಳ್ಳಗೆ ಕಾಣಿಸಿತು.

"ನಿಂದ ಐತಿ" ಅಂದಳು. ಮತ್ತೆ ಕಟ್ಟಿ ಅಣ್ಣನ ಕೈಗೆ ಕೊಟ್ಟಳು, ಅವನು ಊರಾಚೆ ಹುಗಿದು ಬಂದ. ಸೆಗಣಿ ನೀರು ಚಿಮುಕಿಸುತ್ತಿದ್ದ ಅದೇ ಕೈ ಆ ಗಂಟನ್ನು ಬಿಚ್ಚಿದ್ದು. ಅವಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ನನಗೆ ಆಗಲೂ ತಿಳಿಯಲಿಲ್ಲ.

ಗಂಡ, ಅಣ್ಣ ಊರಿಗೆ ಹೋದರು. ಅತ್ತೆ ಆಸ್ಪತ್ರೆಯ ಹಿತ್ತಿಲಲ್ಲಿ ಮೂರು ಕಲ್ಲು ಹೂಡಿ ಅಡಿಗೆ ಮಾಡುತ್ತ ನನ್ನ ಜೊತೆ ಉಳಿದಳು. ಗಾಯ ಮಾಯಿತು. ಊರಿಗೆ ಹೊರಡುವ ಮಾತು ತೆಗೆದಾಗ ಡಾಕ್ಟರಮ್ಮ ಬೇಡ ಅಂದಳು. "ಮರದ ಕಾಲು ಮಾಡಿಸುತ್ತೇನೆ. ನೀವು ನಡೆದುಕೊಂಡು ಮನೆಗೆ ಹೋಗುವಿರಿ. ನನ್ನ ಶಿಷ್ಯೆಯರೂ ಕಲಿಯುತ್ತಾರೆ."

ಶಿಷ್ಯೆಯರು ಕಲಿಯುತ್ತಾರೆ ಎಂಬ ಮಾತನ್ನು ಅವಳು ಹೇಳಿದ್ದು ನಿಜ. ಅದರ ಅರ್ಥ ಏನು ಎಂದು ಹೇಳಲಿಲ್ಲ.

ಶಿಷ್ಯೆಯರಲ್ಲಿ ನನ್ನ ಹತ್ತಿರ ಬರುತ್ತಿದ್ದವರು ಇಬ್ಬರು. ತುಂಗಾಬಾಯಿ ಬಳ್ಳಾರಿಯ ಗುಮಾಸ್ತರೊಬ್ಬರ ಮಗಳು, ವೈಷ್ಣವರ ಮನೆಯವಳು, ಎಳವೆಯಲ್ಲೇ ಗಂಡ ತೀರಿಕೊಂಡಿದ್ದ. ತಂದೆ ಊರವರ ಬಾಯಿಗೆ ಬಿದ್ದರೂ ಅವಳನ್ನು ಈ ವಿದ್ಯೆಗೆ ಕಳಿಸಿದ್ದರು. ಇನ್ನೊಬ್ಬಳು ರೂತಮ್ಮ, ಕಿರಿಸ್ತಾನರವಳು, ಅರ್ಧ ತೆಲುಗು ಅರ್ಧ ಕನ್ನಡ ಆಡುತ್ತಿದ್ದಳು. ರೂತಮ್ಮ ಹಿತ್ತಿಲಿಗೆ ಬಂದರೆ ಅತ್ತೆ ಒಲೆಯ ಸುತ್ತ ಬೂದಿಯ ಗೆರೆ ಎಳೆಯುತ್ತಿದ್ದಳು. ರೂತಮ್ಮ ಗೆರೆ ನೋಡಿ ಅಲ್ಲೇ ನಿಲ್ಲುತ್ತಿದ್ದಳು. ಇದನ್ನು ಬರೆಸಬೇಕೋ ಬೇಡವೋ ಎಂದು ಯೋಚಿಸಿದೆ. ನಡೆದದ್ದು ಹಾಗೆ.

ಮೊದಲ ಕಾಲನ್ನು ಮಾಡಿದವಳು ತುಂಗಾಬಾಯಿ. ನೂಲಿನಿಂದ ಅಳತೆ ತೆಗೆದಳು. ಸುಣ್ಣದಂಥ ಬಿಳಿ ಹಿಟ್ಟು ಮೆತ್ತಿದ ಒದ್ದೆ ಬಟ್ಟೆಯನ್ನು ಮೊಂಡುಗಾಲಿಗೆ ಸುತ್ತಿದಳು. ಅದು ಗಟ್ಟಿಯಾಗುತ್ತ ಬಿಸಿ ಏರಿತು. ಉಳಿದ ಮೊಣಕಾಲನ್ನೂ ಬೇಯಿಸಿ ತೆಗೆಯುವ ಹುನ್ನಾರ ಎಂದುಕೊಂಡು ನಾನು ಕೂಗಿದೆ. ಅತ್ತೆ ಸೌದೆ ಹಿಡಿದುಕೊಂಡು ಓಡಿ ಬಂದಳು. ತುಂಗಾಬಾಯಿಗೆ ಕಣ್ಣಲ್ಲಿ ನೀರು ಬಂದಿತ್ತು, ಆದರೂ ಕೈ ಬಿಡಲಿಲ್ಲ. ಆ ಅಚ್ಚನ್ನು ಕೌಲ್ ಬಜಾರಿನ ಬಡಿಗನಿಗೆ ಕಳಿಸಿದರು. ಮರದ ಕಾಲು ಬಂತು. ಒಳಗೆ ಹತ್ತಿ ತುಂಬಿದ ತೊಗಲಿನ ಬಟ್ಟಲು, ಮೊಣಕಾಲಿನ ಎರಡೂ ಕಡೆ ಕೀಲಿನ ಕಬ್ಬಿಣದ ಪಟ್ಟಿ, ತೊಡೆಗೆ ಕಟ್ಟುವ ಪಟ್ಟಾ.

ಕಟ್ಟಿಕೊಂಡು ಎದ್ದು ನಿಂತೆ. ಪಡಸಾಲೆಯ ಆ ಕಂಬದ ತನಕ ಹೋದೆ. ತಿರುಗಿ ಬಂದೆ. ಎಲ್ಲಿಯೂ ಒತ್ತಲಿಲ್ಲ. ತುಂಗಾಬಾಯಿ ನಕ್ಕಳು. ಅಂದು ಅತ್ತೆ ರೊಟ್ಟಿಗೆ ತುಪ್ಪ ಹಾಕಿದಳು.

ಮರುದಿನ ಡಾಕ್ಟರಮ್ಮ ಬಂದು ನೋಡಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ತುಂಗಾಬಾಯಿ ತಲೆ ತಗ್ಗಿಸಿ ಕಾಲು ಬಿಚ್ಚಿಕೊಂಡಳು.

"ಯಾಕ?" ಅಂದೆ.

"ಇನ್ನೂ ಸರಿ ಮಾಡ್ಬೇಕ್ರಿ" ಅಂದಳು.

ಆಮೇಲೆ ರೂತಮ್ಮನ ಸರದಿ. ಮತ್ತೆ ನೂಲು, ಮತ್ತೆ ಬಿಳಿ ಹಿಟ್ಟು. ಅವಳು ಮಾಡಿದ ಕಾಲು ಮೊಂಡುಗಾಲಿನ ಮುಂದಿನ ಎಲುಬಿಗೆ ಒತ್ತಿ ಚರ್ಮ ಕಿತ್ತಿತು. ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಗಾಯ ಮಾಯುವ ತನಕ ಕೂರಿಸಿದರು. ಮತ್ತೆ ಕಟ್ಟಿದರು. ಮೊದಲನೆಯದು ನೋಯದೆ ಇದ್ದದ್ದು ಸರಿಯಿಲ್ಲ, ಈ ನೋಯುವುದು ಸರಿಯೇ? ನನ್ನ ಒಳಗೆ ಒಂದು ಹುಳ ಹೊಕ್ಕಿತು.

"ಲೇ ನೀಲವ್ವ," ಅಂದಳು ಅತ್ತೆ ಒಂದು ಸಂಜೆ, "ಇವ್ರು ನಿನ್ನ ಕಾಲು ಮಾಡಾಕ ಹತ್ತಿಲ್ಲ. ನಿನ್ನ ಮ್ಯಾಲ ಕೈ ಪಳಗಿಸ್ಕೊಳ್ಳಾಕ ಹತ್ಯಾರ. ಹೊಸಾ ಕ್ಷೌರಿಕ ಬಡವನ ತಲಿ ಹುಡುಕ್ತಾನಲ್ಲ, ಹಂಗ."

"ಹಂಗಾರ ಮನಿಗೆ ಹೋಗೂಣು ನಡೀರಿ."

ಅವಳು ಒಲೆಯ ಕಡೆ ತಿರುಗಿದಳು. ಮನೆಗೆ ಹೋಗುವ ಮಾತು ಬಂದಾಗಲೆಲ್ಲ ಸುಮ್ಮನಾಗುತ್ತಿದ್ದಳು. ಅದಕ್ಕೆ ಕಾರಣ ತೆಕ್ಕಲಕೋಟೆಯ ಆ ಹೆಂಗಸಿನಿಂದ ತಿಳಿಯಿತು. ಅವಳು ಕಣ್ಣಿನ ಔಷಧಕ್ಕೆ ಆಗಾಗ ಬರುತ್ತಿದ್ದಳು. ನಿನ್ನ ಗಂಡನ ಬಂಡಿ ರಾರಾವಿಯಲ್ಲಿ ಒಂದು ಮನೆಯ ಮುಂದೆ ನಿಂತಿತ್ತಂತೆ, ಆ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳಂತೆ ಎಂದು ಹೇಳಿದಳು. ಹೇಳಿ, "ನಾ ಹೇಳಿದ್ದು ಅನಬ್ಯಾಡ ಮತ್ತ" ಅಂದಳು.

ಅಂದಿನಿಂದ ಎರಡು ಕಡೆಯ ಅನುಮಾನ ನನ್ನನ್ನು ಹಿಂಡಿತು. ಇಲ್ಲಿ ಇವರು ತಡ ಮಾಡುತ್ತಿದ್ದಾರೆ, ಅಲ್ಲಿ ಅವರು ಅವಸರ ಮಾಡುತ್ತಿದ್ದಾರೆ. ಇಬ್ಬರೂ ಕೂಡಿಕೊಂಡೇ ಮಾಡುತ್ತಿರಬಹುದೇ ಎಂಬ ತನಕ ನನ್ನ ಯೋಚನೆ ಹೋಯಿತು. ಗಂಡ ಒಮ್ಮೆ ಬಂದ. ಹೊಸ ರುಮಾಲು ಸುತ್ತಿದ್ದ. ಮಗಳು ಚೆನ್ನಾಗಿದ್ದಾಳೆ ಅಂದ. ಕಾಲು ಎಂದು ಆಗುತ್ತದೆ ಎಂದು ಕೇಳಿದ, ನಾನು ಗೊತ್ತಿಲ್ಲ ಅಂದೆ. ಅವನಿಗೆ ಸಮಾಧಾನವಾಯಿತೋ ಬೇಸರವಾಯಿತೋ ತಿಳಿಯಲೆಂದು ಮುಖವನ್ನೇ ನೋಡಿದೆ. ಅವನು ಕೋಟೆಯ ಗುಡ್ಡ ನೋಡುತ್ತಿದ್ದ.

ಮೂರನೆಯ ಕಾಲಿಗೆ ಅಳತೆ ತೆಗೆಯಲು ಮದ್ರಾಸಿನಿಂದ ಹೊಸದಾಗಿ ಬಂದ ಇನ್ನೊಬ್ಬ ಹುಡುಗಿಯನ್ನು ಕಳಿಸಿದರು. ಅವಳು ನೂಲು ಹಿಡಿದಾಗ ನಾನು ಕೋಲೂರಿಕೊಂಡು ಎದ್ದೆ. ಶಿಷ್ಯೆಯರು ಕೂತು ಕೆಲಸ ಮಾಡುವ ಕೋಣೆಗೆ ನೆಟ್ಟಗೆ ಹೋದೆ. ಒಳಗೆ ತುಂಗಾಬಾಯಿ ಒಬ್ಬಳೇ ಪಟ್ಟಾ ಹೊಲಿಯುತ್ತಿದ್ದಳು. ಗೋಡೆಯ ಗೂಟಕ್ಕೆ ನನ್ನ ಮೊದಲ ಕಾಲು ತೂಗುತ್ತಿತ್ತು. ಒಂದು ಮೊಳೆ ಕಿತ್ತಿರಲಿಲ್ಲ, ಒಂದು ಹೊಲಿಗೆ ಬಿಚ್ಚಿರಲಿಲ್ಲ.

"ಅದನ್ನ ಸರಿ ಮಾಡ್ತೀನಿ ಅಂತ ಬಿಚ್ಚಿಕೊಂಡ್ ಬಂದಿ" ಅಂದೆ. "ಎಲ್ಲಿ ಸರಿ ಮಾಡೀದಿ ತೋರ್ಸು."

ಅವಳು ಸೂಜಿ ಕೆಳಗಿಟ್ಟಳು.

"ಅದು ನನಗ ಸರಿ ಆಗಿತ್ತೋ ಇಲ್ಲೋ?"

"ಆಗಿತ್ತು" ಅಂದಳು. ದನಿ ಬಹಳ ಸಣ್ಣಗಿತ್ತು. "ಎಲ್ಲಾರೂ ಒಂದೊಂದು ಮಾಡಿ ಕಲೀಬೇಕು ಅಂದ್ರು. ನಾನು ಹೇಳ್ಬೇಕಂದೆ ನೀಲವ್ವ. ಬಾಯಿ ಬರಲಿಲ್ಲ."

ಕೋಣೆಯಲ್ಲಿ ಒಂದು ಪೀಠ ಇತ್ತು. ಅದರ ಮೇಲೆ ಕುಳಿತು, ಗೂಟದಿಂದ ಕಾಲು ಇಳಿಸಿಕೊಂಡು ಮಡಿಲಲ್ಲಿ ಇಟ್ಟುಕೊಂಡೆ. ಡಾಕ್ಟರಮ್ಮನನ್ನು ಕರೆಯಲು ಹೇಳಿದೆ. ಅವಳು ಬಂದಾಗ ಹಿಂದೆ ರೂತಮ್ಮನೂ ಮದ್ರಾಸಿನ ಹುಡುಗಿಯೂ ಇದ್ದರು. ಅತ್ತೆ ಬಾಗಿಲಲ್ಲಿ ಬಂದು ನಿಂತಳು.

"ಇದು ನಂದು" ಅಂದೆ. "ಇನ್ನ ಯಾರೂ ಇದನ್ನ ಮುಟ್ಟಬ್ಯಾಡ್ರಿ."

ಡಾಕ್ಟರಮ್ಮ ಒಬ್ಬೊಬ್ಬರ ಮುಖ ನೋಡಿದಳು. ಏನಾಗಿದೆ ಎಂದು ಅವಳಿಗೆ ಗೊತ್ತಾಯಿತು. ಸುತ್ತುಬಳಸಲಿಲ್ಲ. "ಹೌದು. ಅದು ಸರಿಯಾಗಿಯೇ ಇತ್ತು. ಇವರು ಕಲಿತು ಬೇರೆ ಬೇರೆ ಊರಿಗೆ ಹೋಗುವವರು. ಅಲ್ಲಿ ಕಾಲು ಇಲ್ಲದ ಹೆಂಗಸರಿಗೆ ಇವರೇ ಗತಿ. ಇಲ್ಲಿ ನನಗೆ ಸಿಕ್ಕಿದವರು ನೀವೊಬ್ಬರೇ. ಒಬ್ಬಳು ಮಾಡಿದರೆ ಒಬ್ಬಳೇ ಕಲಿಯುತ್ತಾಳೆ."

"ಅದನ್ನ ಮೊದ್ಲ ಯಾಕ ಹೇಳಲಿಲ್ಲ?"

"ನೀವು ಒಪ್ಪುವುದಿಲ್ಲವೆಂದು ತಿಳಿದೆ."

"ಬಂಡಿ ಹತ್ತಿಸಿದವ್ರೂ ಇದನ್ನ ಅಂದಿದ್ರು" ಅಂದೆ. "ಕಾಲು ಕಡೀತೀನಿ ಅಂತ ನೀವು ನನ್ನ ಕೇಳಿದ್ರಿ, ಅದಕ್ಕ ನಿಮ್ಮನ್ನ ನಂಬಿದೆ. ಕಡಿಯಾಕ ಕೇಳಿದವ್ರು ಕಟ್ಟಾಕ ಯಾಕ ಕೇಳಲಿಲ್ಲ? ಕೇಳಿದ್ರ ಹೂಂ ಅಂತಿದ್ನೋ ಇಲ್ಲೋ, ನನಗೂ ಗೊತ್ತಿಲ್ಲ. ಈಗ ಯಾರಿಗೂ ಗೊತ್ತಾಗಂಗಿಲ್ಲ. ಇವ್ರು ಎಲುಬು ತಿಕ್ಕಿದ್ದು ನನಗ ನೋವು. ಅಲ್ಲಿ ನನ್ನ ಮನಿ ಹೋಗಾಕ ಹತ್ತೈತಿ."

ಕೊನೆಯ ಮಾತು ಆಡಬೇಕೆಂದು ಇರಲಿಲ್ಲ, ಬಂದುಬಿಟ್ಟಿತು. ಬಾಗಿಲಲ್ಲಿದ್ದ ಅತ್ತೆ ನೆಲ ನೋಡಿದಳು. ರಾರಾವಿಯ ಸುದ್ದಿ ಅವಳಿಗೆ ಮೊದಲೇ ಗೊತ್ತಿತ್ತು ಎಂಬುದು ಆಗ ಖಾತ್ರಿಯಾಯಿತು.

ಡಾಕ್ಟರಮ್ಮ ನನ್ನ ಕಡೆ ತಿರುಗಿದಳು. "ನನ್ನಿಂದ ತಪ್ಪಾಯಿತು" ಅಂದಳು. "ನಿಮ್ಮ ಕಾಲು ತೆಗೆದುಕೊಂಡು ನಾಳೆಯೇ ಊರಿಗೆ ಹೋಗಿ."

ಹೋಗಬೇಕೆಂದೇ ನಿಂತಿದ್ದೆ. ಅಂದು ಮಧ್ಯಾಹ್ನ ಆ ಕಾಲು ಕಟ್ಟಿಕೊಂಡೇ ಹಿತ್ತಿಲಿಗೆ ನಡೆದು ಹೋದೆ, ಅತ್ತೆಯ ಒಲೆಯ ಮುಂದೆ ಊಟಕ್ಕೆ ಕೂರಲು ನೋಡಿದೆ. ಆಗಲಿಲ್ಲ. ಮೊಣಕಾಲು ಮಡಚಿದರೆ ಬಟ್ಟಲಿನ ಹಿಂದಿನ ಅಂಚು ಮಂಡಿಯ ಸಂದಿಗೆ ಕತ್ತಿಯ ಹಾಗೆ ಒತ್ತಿತು. ಮಡಚದೆ ಕೂರುತ್ತೇನೆ ಎಂದು ಹಿಂದಕ್ಕೆ ಬಿದ್ದೆ. ಹಿಂದೆ ಅದನ್ನು ಕಟ್ಟಿಕೊಂಡು ನಡೆದದ್ದು ಪಡಸಾಲೆಯಲ್ಲಿ, ಕೂತದ್ದು ಮಂಚದ ಮೇಲೆ. ನಮ್ಮ ಮನೆಯಲ್ಲಿ ಮಂಚ ಎಲ್ಲಿದೆ? ಒಲೆ ನೆಲದ ಮೇಲೆ, ಬೀಸುವ ಕಲ್ಲು ನೆಲದ ಮೇಲೆ, ಮಗಳ ತಲೆ ಬಾಚುವುದು ನೆಲದ ಮೇಲೆ ಕೂತು. ನಡೆದುಕೊಂಡು ಮನೆಗೆ ಹೋಗಿ ಕಂಬದ ಹಾಗೆ ನಿಲ್ಲುವ ಸೊಸೆಯನ್ನು ಯಾರು ಇಟ್ಟುಕೊಳ್ಳುತ್ತಾರೆ?

ಅತ್ತೆ ನನ್ನ ರಟ್ಟೆ ಹಿಡಿದು ಎಬ್ಬಿಸಿ ಗೋಡೆಗೆ ಒರಗಿಸಿದಳು. ಆಮೇಲೆ ಅಂದಳು: "ರಾರಾವಿಯವ್ರು ತಾವಾಗೇ ಬಂದಿದ್ರು. ನಾ ಹೂಂ ಅಂದಿಲ್ಲ, ಬ್ಯಾಡನೂ ಅಂದಿಲ್ಲ. ನೀ ಒಲಿ ಮುಂದ ಕುಂತು ರೊಟ್ಟಿ ಬಡದ್ರ ನನಗ ಬ್ಯಾರೆ ಸೊಸಿ ಯಾಕ ಬೇಕು?"

ಕೆಟ್ಟ ಮಾತು ಅನ್ನಿಸಬಹುದು. ನನಗೆ ಅದು ಕೆಟ್ಟದ್ದಾಗಿ ಕೇಳಲಿಲ್ಲ. ಮುಚ್ಚಿಡದೆ ಹೇಳಿದಳು. ಏನು ಮಾಡಬೇಕೆಂಬುದು ಅದರಿಂದ ತಿಳಿಯಿತು.

ಸಂಜೆ ನಾನೇ ಡಾಕ್ಟರಮ್ಮನ ಹತ್ತಿರ ಹೋದೆ. ಇನ್ನೂ ಕೆಲವು ದಿನ ಇರುತ್ತೇನೆ, ನಿಮ್ಮ ಹುಡುಗಿಯರು ಕಲಿಯಲಿ ಅಂದೆ. ಆದರೆ ಈ ಕಾಲು ನನ್ನ ಮಂಚದ ಕೆಳಗೇ ಇರಬೇಕು. ಏನು ಮಾಡುವುದಿದ್ದರೂ ಮುಟ್ಟುವ ಮೊದಲು ನನಗೆ ತಿಳಿಯುವ ಮಾತಿನಲ್ಲಿ ಹೇಳಬೇಕು. ನಾನು ಬೇಡ ಅಂದರೆ ಅಲ್ಲಿಗೆ ಬಿಡಬೇಕು. ಪಡಸಾಲೆಯಲ್ಲಿ ನಡೆಸಿ ನೋಡಿದ್ದು ಸಾಕು, ಇನ್ನು ಒಲೆಯ ಮುಂದೆ ಕೂರುವ ಕಾಲು ಆಗಬೇಕು. ಅವಳು ಎಲ್ಲದಕ್ಕೂ ಒಪ್ಪಿದಳು. ಒಪ್ಪಿದಳೆಂದು ನಾನು ಪೂರಾ ನಂಬಲಿಲ್ಲ. ಮಂಚದ ಕೆಳಗಿನ ಕಾಲಿಗೆ ಹಗ್ಗ ಕಟ್ಟಿ, ಹಗ್ಗದ ತುದಿಯನ್ನು ಕೈಗೆ ಸುತ್ತಿಕೊಂಡು ಮಲಗುತ್ತಿದ್ದೆ.

ಹೊಸ ಕೆಲಸವನ್ನು ರೂತಮ್ಮ ಕೈಗೆ ತೆಗೆದುಕೊಂಡಳು. ನನ್ನ ಚರ್ಮ ಕಿತ್ತವಳು ಅವಳೇ, ಆದ್ದರಿಂದ ಅವಳು ಬೇಡ ಎಂದುಕೊಂಡೆ. ಅವಳು ಬೂದಿಯ ಗೆರೆಯ ಆಚೆ ಕೂತು, "ಅಮ್ಮಾ, ನೀವು ಮೊದಲು ಹೆಂಗ ಕುಂದ್ರತಿದ್ರಿ, ತೋರ್ಸ್ರಿ" ಎಂದು ಕೇಳಿದಳು. ನಾನು ಹೇಳಿದೆ, ಅತ್ತೆ ಕೂತು ತೋರಿಸಿದಳು. ರೂತಮ್ಮ ತನ್ನ ಕಾಲಿಗೆ ಬಡಿಗನ ಹಳೆಯ ಬಟ್ಟಲೊಂದನ್ನು ಕಟ್ಟಿಕೊಂಡು ಹಾಗೆ ಕೂರಲು ನೋಡಿ ಮಗ್ಗುಲಿಗೆ ಉರುಳಿದಳು. ಅತ್ತೆ ನಕ್ಕಳು. ರೂತಮ್ಮನೂ ನಕ್ಕಳು.

ಬಟ್ಟಲಿನ ಹಿಂದಿನ ಅಂಚನ್ನು ಸ್ವಲ್ಪ ಸ್ವಲ್ಪವೇ ಕೊಯ್ದು ತಗ್ಗಿಸಬೇಕು ಎಂದು ಅವಳಿಗೆ ಹೊಳೆಯಿತು. ಮೊದಲ ಸಲ ಹೆಚ್ಚು ಕೊಯ್ದಳು, ನಡೆಯುವಾಗ ಕಾಲು ಜಾರಿತು. ಇನ್ನೊಂದು ಬಟ್ಟಲು ಮಾಡಿದಳು, ಅಂಚಿಗೆ ಮೆತ್ತನೆಯ ತೊಗಲು ಮಡಚಿ ಹೊಲಿದಳು. ಪ್ರತಿ ಸಲವೂ ಮೊದಲು ಹೇಳುತ್ತಿದ್ದಳು: ಈಗ ಪಟ್ಟಾ ಸಡಿಲ ಮಾಡುತ್ತೇನೆ, ಈಗ ಇಲ್ಲಿ ಒತ್ತುತ್ತೇನೆ, ನೋವಾದರೆ ಹೇಳಿರಿ. ತುಂಗಾಬಾಯಿ ಸೆಗಣಿ ಸಾರಿಸಿದ ನೆಲದಲ್ಲಿ ಜಾರದಂತೆ ಮರದ ತುದಿಗೆ ತೊಗಲಿನ ಅಟ್ಟೆ ಹಾಕಿಸಿದಳು. ಎಡಗಾಲನ್ನು ಮಡಚಿ, ಮರದ ಕಾಲನ್ನು ಅರ್ಧ ಮಡಚಿ ಚಾಚಿ ಕೂರುವುದು, ನೆಲಕ್ಕೆ ಒಂದು ಕೈ ಊರಿ ಏಳುವುದು, ಕೊಡವನ್ನು ಯಾವ ಕಡೆಯ ಸೊಂಟಕ್ಕೆ ಇಡಬೇಕು ಎಂಬುದು, ಇದನ್ನೆಲ್ಲ ಅವರು ನನಗೆ ಹೇಳಿಕೊಟ್ಟರೋ ನಾನು ಅವರಿಗೆ ಹೇಳಿಕೊಟ್ಟೆನೋ ಈಗ ಬಿಡಿಸಿ ಹೇಳಲು ಆಗುವುದಿಲ್ಲ.

ಒಂದು ದಿನ ಅತ್ತೆ ಹಿಟ್ಟು ನಾದಿ ನನ್ನ ಮುಂದೆ ಇಟ್ಟಳು. ಕೂತೆ. ರೊಟ್ಟಿ ಬಡಿದೆ. ಮೊದಲನೆಯದು ಹರಿಯಿತು, ಎರಡನೆಯದು ದುಂಡಗೆ ಬಂತು. ಅತ್ತೆ ಅದನ್ನು ಹಂಚಿನಿಂದ ತೆಗೆದು ಮಡಚಿ, ಗೆರೆಯ ಆಚೆ ಕೂತಿದ್ದ ರೂತಮ್ಮನಿಗೆ ಕೈ ಚಾಚಿ ಕೊಟ್ಟಳು. ಗೆರೆ ಅಳಿಸಲಿಲ್ಲ. ಕೊಟ್ಟಳು, ಅಷ್ಟೆ.

ಗಂಡ ಬಂಡಿ ತಂದ. ಸಿರುಗುಪ್ಪದ ದಾರಿಯಲ್ಲಿ ಅತ್ತೆಗೆ ಜೊಂಪು ಹತ್ತಿದ ಮೇಲೆ ಅವನನ್ನು ಕೇಳಿದೆ.

"ರಾರಾವಿಗೆ ಹೋಗಿದ್ರೇನು?"

ಎತ್ತುಗಳು ಬಹಳ ದೂರ ನಡೆದ ಮೇಲೆ ಅವನು ಹೇಳಿದ: "ಹೋಗಿದ್ದೆ. ಹಿರೇರು ಕರ್ಕೊಂಡ್ ಹೋದ್ರು. ಹುಡಿಗೀನ ನೋಡ್ದೆ. ಒಲ್ಲೆ ಅಂದೆ."

"ಯಾವಾಗ ಒಲ್ಲೆ ಅಂದ್ರಿ? ನಾ ಒಲಿ ಮುಂದ ಕುಂತ ಸುದ್ದಿ ಬರೂಕಿಂತ ಮೊದ್ಲೋ, ಬಂದ ಮ್ಯಾಲೋ?"

ಅವನು ಎತ್ತಿನ ಬಾಲ ತಿರುವಿ ಬಂಡಿ ಓಡಿಸಿದ. ಆ ಉತ್ತರ ಇವತ್ತಿಗೂ ಬಂದಿಲ್ಲ. ಅವನು ಕಟ್ಟೆ ಬಿಟ್ಟು ಒಳಗೆ ಮಲಗುತ್ತಾನೆ, ಮಳೆಗಾಲದಲ್ಲಿ ಕಾಲಿನ ಕೀಲಿಗೆ ತಾನೇ ಎಣ್ಣೆ ಬಿಡುತ್ತಾನೆ. ಆಮೇಲೆ ನಮಗೆ ಒಬ್ಬ ಮಗನೂ ಹುಟ್ಟಿದ. ಆದರೂ ಕೆಲವು ಸಲ ಅವನು ನನ್ನ ಕಾಲಿಗೆ ಎಣ್ಣೆ ಬಿಡುವಾಗ ಆ ಪ್ರಶ್ನೆ ಬಾಯಿಗೆ ಬರುತ್ತದೆ. ನುಂಗುತ್ತೇನೆ. ರೋಗ ಹೋದರೂ ರೋಗ ಕಲಿಸಿದ್ದು ಹೋಗುವುದಿಲ್ಲ.

ಹೊಸ ಶಿಷ್ಯೆಯರು ಬಂದಾಗ ಡಾಕ್ಟರಮ್ಮ ಹೇಳಿ ಕಳಿಸುತ್ತಾಳೆ. ಮನಸ್ಸಿದ್ದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ. ಕಳೆದ ಸಲ ಹೋದಾಗ ರೂಪನಗುಡಿಯ ಹೆಂಗಸೊಬ್ಬಳು ಅದೇ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕಾಲು ತೆಗೆದು ಗಾಯ ಮಾದಿತ್ತು. ಎದುರಿಗೆ ಹೊಸ ಹುಡುಗಿಯೊಬ್ಬಳು ನೂಲು ಹಿಡಿದು ನಿಂತಿದ್ದಳು. ಆ ಹೆಂಗಸು ಕಾಲು ಚಾಚುತ್ತಿರಲಿಲ್ಲ. ಡಾಕ್ಟರಮ್ಮ ನನ್ನನ್ನು ಮುಂದೆ ಬಿಟ್ಟಳು. ನಾನು ಸೀರೆ ಮೇಲೆತ್ತಿ ಮರದ ಕಾಲು ತೋರಿಸಿ ಅವಳ ಪಕ್ಕ ನೆಲದ ಮೇಲೆ ಕೂತೆ.

ಅವಳು ಕಾಲು ನೋಡಲಿಲ್ಲ, ನನ್ನ ಮುಖ ನೋಡಿದಳು. "ನಿನಗ ಇವ್ರು ಏನ್ ಕೊಡ್ತಾರ, ಹಿಂಗ ಬಂದು ತೋರಸಾಕ?"

ನನಗೆ ನಗು ಬಂತು. ಅವಳ ಕಣ್ಣು ನೋಡಿ ನಗಲಿಲ್ಲ.

"ರೊಟ್ಟಿ ಕೊಡ್ತಾರ" ಅಂದೆ. "ಕೇಳಿಲ್ಲಿ. ಇವ್ರು ನನಗ ಒಮ್ಮಿ ಸುಳ್ಳು ಹೇಳಿದ್ರು." ಆಮೇಲೆ ಗೂಟಕ್ಕೆ ತೂಗುತ್ತಿದ್ದ ಕಾಲಿನ ಸಂಗತಿಯನ್ನು ಮೊದಲಿನಿಂದ ಕೊನೆಯ ತನಕ ಹೇಳಿದೆ. ಡಾಕ್ಟರಮ್ಮ ಅಲ್ಲೇ ನಿಂತು ಕೇಳಿದಳು. ಅಲ್ಲ ಅನ್ನಲಿಲ್ಲ, ಅತ್ತ ಹೋಗಲೂ ಇಲ್ಲ. ಹೆಂಗಸು ಒಮ್ಮೆ ನನ್ನನ್ನು, ಒಮ್ಮೆ ಡಾಕ್ಟರಮ್ಮನನ್ನು ನೋಡಿದಳು.

"ಹಂಗಾರ ನಂಬಬ್ಯಾಡ ಅಂತೀಯೇನು?"

"ನಂಬು ಅಂತ ನಾ ಹ್ಯಾಂಗ ಹೇಳ್ಲಿ? ಅನುಮಾನ ಬಿಡಬ್ಯಾಡ. ಆದ್ರ ಹೊಟ್ಟ್ಯಾಗ ಇಟಗೊಂಡು ಕುಂದ್ರಬ್ಯಾಡ, ಕೇಳು."

ಅವಳು ಬಹಳ ಹೊತ್ತು ಗೋಡೆ ನೋಡಿದಳು. ಆಮೇಲೆ ನೂಲು ಹಿಡಿದ ಹುಡುಗಿಯ ಕಡೆ ತಿರುಗಿದಳು. ಕಾಲನ್ನು ಇನ್ನೂ ಸೆರಗಿನ ಒಳಗೇ ಇಟ್ಟುಕೊಂಡಿದ್ದಳು.

"ಮೊದ್ಲ ಏನ್ ಮಾಡ್ತಿ, ಹೇಳು" ಅಂದಳು.